ವಾದ ಹೂಡಿದ ಕವಿ ಜಾನ್ ಡನ್

ಇಂಗ್ಲಿಷ್ ಕವಿ ಜಾನ್ ಡನ್ನನ ಹೆಸರನ್ನು ಅಕ್ಷರ ನೋಡಿಕೊಂಡು ಓದುವವರು ‘ಡೊನ್ನೆ’ ಎಂದುಬಿಡುವುದುಂಟು. ಹಾಗೆ ಓದಿದರೆ ನಮ್ಮ ಊಟದ ಪಂಕ್ತಿಯ ದೊನ್ನೆ ನೆನಪಾಗುವುದೇ ಹೊರತು ಕವಿಯಲ್ಲ. ಸರಿಯಾದ ಉಚ್ಚಾರ ‘ಡನ್’ ಎಂದು. ಕೆಲಸ ಮುಗಿಯಿತು ಎಂಬರ್ಥದ ಇಂಗ್ಲಿಷ್ ಶಬ್ದಕ್ಕೂ ಇದೇ ಉಚ್ಚಾರ. ಈ ಶ್ಲೇಷೆಯನ್ನು ಕವಿ ತಾನೇ ಬಳಸಿಕೊಂಡಿದ್ದಾನೆ, ಅದೂ ಎಲ್ಲಿ? ದೇವರಲ್ಲಿ ಪಾಪಕ್ಷಮೆ ಬೇಡುವ ಸ್ತೋತ್ರದಲ್ಲಿ! ತನ್ನ ಹೆಸರಿನ ಮೇಲೆಯೇ ಮಾತು ಕಟ್ಟಿ, ದೇವರ ಕೆಲಸ ಮುಗಿದಿದೆಯೋ ಇಲ್ಲವೋ ಎಂದು ದೇವರೊಡನೆಯೇ ಲೆಕ್ಕಕ್ಕೆ ಕುಳಿತಿದ್ದಾನೆ. ಪ್ರಾರ್ಥನೆಯಲ್ಲಿ ಇಂತಹ ಮಾತಿನ ಚಮತ್ಕಾರ ಸಲ್ಲುವುದೇ ಎಂದು ಮೂಗು ಮುರಿದವರು ಬಹಳ. ಇದು ಬರಿಯ ಚಮತ್ಕಾರವಲ್ಲ, ಆ ಮನುಷ್ಯನು ಪ್ರೀತಿಸಿದ್ದೂ ಪ್ರಾರ್ಥಿಸಿದ್ದೂ ವಾದ ಮಾಡುವ ಮೂಲಕವೇ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣ ಅವನ ಬಾಳಿನಲ್ಲಿಯೇ ಇದೆ.

ಡನ್ನನು 1572ರಲ್ಲಿ ಲಂಡನ್ ನಗರದ ಬ್ರೆಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಹುಟ್ಟಿದನು. ತಂದೆ ಕಬ್ಬಿಣದ ವ್ಯಾಪಾರಿ, ಸ್ಥಿತಿವಂತ. ಮಗನಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ತೀರಿಕೊಂಡನು. ತಾಯಿ ಎಲಿಜಬೆತ್ ನಾಟಕಕಾರ ಜಾನ್ ಹೇವುಡ್‌ನ ಮಗಳು. ಇಗರ್ಜಿಗೆ ಅರಸನೇ ಯಜಮಾನನೆಂಬುದನ್ನು ಒಪ್ಪದೆ 1535ರಲ್ಲಿ ತಲೆಯೊಪ್ಪಿಸಿದ ಸರ್ ಥಾಮಸ್ ಮೋರ್ ಆಕೆಯ ಅಜ್ಜಿಯ ಅಣ್ಣ. ಇಂತಹ ಕಟ್ಟಾ ರೋಮನ್ ಕೆಥೊಲಿಕ್ ಮನೆತನ ಅದು. ದೇಶವೋ ಎಲಿಜಬೆತ್ ರಾಣಿಯ ಕಾಲದಲ್ಲಿ ಪ್ರೊಟೆಸ್ಟೆಂಟ್ ಆಗಿಬಿಟ್ಟಿತ್ತು. 1570ರಲ್ಲಿ ಪೋಪರು ರಾಣಿಗೆ ಬಹಿಷ್ಕಾರ ಹಾಕಿದ ಮೇಲಂತೂ ಪ್ರತಿಯೊಬ್ಬ ಕೆಥೊಲಿಕನೂ ರಾಜದ್ರೋಹಿಯಂತೆ ಕಾಣತೊಡಗಿದನು. ಸರಕಾರದ ಇಗರ್ಜಿಗೆ ಹೋಗದವರಿಗೆ 1581ರ ಕಾನೂನಿನಂತೆ ತಿಂಗಳಿಗೆ 20 ಪೌಂಡ್ ದಂಡ. 1585ರ ಬಳಿಕ ವಿದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ಇಂಗ್ಲೆಂಡಿನಲ್ಲಿ ಸಿಕ್ಕಿದರೆ ಮರಣದಂಡನೆ, ಅವನಿಗೆ ತಿಳಿದೂ ಆಶ್ರಯ ಕೊಟ್ಟವನಿಗೂ ಅದೇ ಗತಿ. ಡನ್ನನ ಸೋದರಮಾವ ಜಾಸ್ಪರ್ ಹೇವುಡ್ ಯೇಸುಸಭೆಯ ಪಾದ್ರಿ. ಸಿಕ್ಕಿಬಿದ್ದು ಸೆರೆಯಲ್ಲಿದ್ದು 1585ರಲ್ಲಿ ಗಡೀಪಾರಾದನು.

1584ರಲ್ಲಿ, 12ರ ವಯಸ್ಸಿನಲ್ಲಿಯೇ, ಡನ್ನನನ್ನೂ ತಮ್ಮ ಹೆನ್ರಿಯನ್ನೂ ಆಕ್ಸ್‌ಫರ್ಡಿನ ಹಾರ್ಟ್ ಹಾಲಿಗೆ ಸೇರಿಸಿದರು. ಇಷ್ಟು ಎಳೆಯ ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಿದ್ದು ಅವರ ಜಾಣತನಕ್ಕಾಗಿ ಮಾತ್ರವಲ್ಲ. 16 ವರ್ಷ ತುಂಬಿದ ವಿದ್ಯಾರ್ಥಿಯು ಇಗರ್ಜಿಯ ಮೇಲೆ ರಾಣಿಯ ಅಧಿಕಾರವನ್ನು ಒಪ್ಪಿ ಪ್ರಮಾಣ ಮಾಡಬೇಕಿತ್ತು. ಅದಕ್ಕೆ ಮೊದಲೇ ಓದಿ ಹೊರಬರಲಿ ಎಂಬುದು ಕೆಥೊಲಿಕ್ ತಂದೆತಾಯಿಗಳ ಉಪಾಯ. ಓದು ಬಂತು, ಪದವಿ ಬರಲಿಲ್ಲ. ಪರೀಕ್ಷೆಗೆ ಬೇಕಾದುದೆಲ್ಲ ತಲೆಯಲ್ಲಿದ್ದೂ ಸರ್ಟಿಫಿಕೇಟು ಇಲ್ಲದೆ ಹೊರಬಿದ್ದ ಹುಡುಗನ ಮನಸ್ಸು ಹೇಗಿದ್ದೀತು ಎಂಬುದನ್ನು ಬಹುಸಂಖ್ಯೆಯವರ ನಡುವೆ ಅಲ್ಪಸಂಖ್ಯೆಯವರಾಗಿ ಬಾಳುವ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು 1593ರಲ್ಲಿ ಬಿತ್ತು. ವಿಲಿಯಂ ಹ್ಯಾರಿಂಗ್ಟನ್ ಎಂಬ ಪಾದ್ರಿ ಹೆನ್ರಿಯ ಕೋಣೆಯಲ್ಲಿ ಸಿಕ್ಕಿದನು. ಹೆನ್ರಿಯನ್ನು ಸೆರೆಮನೆಗೆ ತಳ್ಳಿದರು. ನ್ಯೂಗೇಟ್ ಸೆರೆಯಲ್ಲಿ ಜ್ವರ ಹತ್ತಿ ಅವನು ಕೆಲವೇ ದಿನಗಳಲ್ಲಿ ಸತ್ತನು. ಪಾದ್ರಿಯನ್ನು ಮರುವರ್ಷ ಚಿತ್ರಹಿಂಸೆಯಿಂದ ಕೊಂದರು. ಅಣ್ಣನಾದ ಡನ್ನನು ಆಗ ಲಿಂಕನ್ಸ್ ಇನ್ ಎಂಬ ವಕೀಲರ ವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದನು. ಹಗಲು ಕಾನೂನಿನ ಪುಸ್ತಕ, ಸಂಜೆ ನಾಟಕ, ಗೆಳೆಯರು, ಹುಡುಗಿಯರು. ಇದರ ನಡುವೆ ಒಂದು ಕೆಲಸವನ್ನು ಅವನು ಬಹಳ ನಿಷ್ಠೆಯಿಂದ ಮಾಡಿದನೆಂದು ತಿಳಿದುಬರುತ್ತದೆ: ರೋಮಿನ ಪಕ್ಷದವರ ಗ್ರಂಥಗಳನ್ನೂ ಪ್ರೊಟೆಸ್ಟೆಂಟರ ಗ್ರಂಥಗಳನ್ನೂ ಎದುರುಬದುರು ಇಟ್ಟುಕೊಂಡು ಓದಿದ್ದು. ಧರ್ಮವನ್ನು ಕುರಿತು ಆ ಕಾಲದಲ್ಲಿ ಬರೆದ ವಿಡಂಬನೆಯಲ್ಲಿ ಸತ್ಯವನ್ನು ಕಡಿದಾದ ಗುಡ್ಡಕ್ಕೆ ಹೋಲಿಸಿ, ಅದಕ್ಕೆ ನೇರದಾರಿಯಿಲ್ಲವೆಂದು ವಾದಿಸಿದನು. ತಂದೆ ಹೇಳಿದನೆಂದೋ ಅರಸ ಹೇಳಿದನೆಂದೋ ನಂಬುವವರು ಇಬ್ಬರೂ ಅವನಿಗೆ ಒಪ್ಪಿಗೆಯಾಗಲಿಲ್ಲ.

ಡನ್ನನ ಪ್ರೇಮಕವನಗಳಲ್ಲಿ ಬಹಳಷ್ಟು ಹುಟ್ಟಿದ್ದು ಈ ಕಾಲದಲ್ಲಿಯೇ ಇರಬೇಕು. ಅವು ಆಗಿನ ಇಂಗ್ಲಿಷ್ ಕಾವ್ಯದ ಹಾದಿಯಲ್ಲಿ ನಡೆದವುಗಳಲ್ಲ. ಅಂದಿನ ಕವಿಗಳಿಗೆ ಪ್ರಿಯೆಯ ತುಟಿ ಹವಳ, ಹಲ್ಲು ಮುತ್ತು, ಕೂದಲು ಬಂಗಾರದ ತಂತಿ. ನಮ್ಮ ಹಳೆಯ ಕಾವ್ಯಗಳ ಕವಿಸಮಯದಂತೆಯೇ ಅವರದೂ ಒಂದು ಕವಿಸಮಯ. ಡನ್ನನು ಇದನ್ನೆಲ್ಲ ಒಂದೇ ಏಟಿಗೆ ಬದಿಗೆ ಸರಿಸಿದನು. ಅವನ ಕವನಗಳು ಮಾತಿನ ನಡುವಿನಿಂದ, ಒಮ್ಮೊಮ್ಮೆ ಬೈಗುಳಿನಿಂದ ಆರಂಭವಾಗುತ್ತವೆ. ಯಾರೋ ಒಬ್ಬನು ಎದುರಿಗಿದ್ದಾನೆ, ಅವನೊಡನೆ ಜಗಳ ನಡೆದಿದೆ, ನಾವು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದೇವೆ ಎಂಬ ಭಾವನೆ ಬರುತ್ತದೆ. ಮುಂಜಾನೆ ಕಿಟಕಿಯಿಂದ ಇಣುಕಿದ ಸೂರ್ಯನಿಗೆ, ಪ್ರೇಮಿಗಳ ಕೋಣೆಯಲ್ಲಿ ನಿನಗೇನು ಕೆಲಸವೆಂದು ಛೀಮಾರಿ. ಇನ್ನೊಂದು ಕವನದ ವಸ್ತುವಂತೂ ಒಂದು ಚಿಗಟ! ಇಬ್ಬರನ್ನೂ ಕಚ್ಚಿದ ಆ ಚಿಗಟದ ಹೊಟ್ಟೆಯಲ್ಲಿ ಇಬ್ಬರ ರಕ್ತವೂ ಕೂಡಿಕೊಂಡಿದೆ, ಅಂದ ಮೇಲೆ ಮದುವೆಯೇ ನಡೆದುಹೋದಂತಾಯಿತಲ್ಲವೆ ಎಂದು ಹುಡುಗಿಯ ಮುಂದೆ ವಕೀಲಿಕೆ ನಡೆಯುತ್ತದೆ. ಹುಡುಗಿ ಚಿಗಟವನ್ನು ಉಗುರಿನಿಂದ ಕೊಂದುಬಿಡುತ್ತಾಳೆ. ವಕೀಲನು ಸೋಲೊಪ್ಪದೆ ಅದನ್ನೂ ತನ್ನ ವಾದಕ್ಕೇ ಸಾಕ್ಷಿಯಾಗಿ ತಿರುಗಿಸುತ್ತಾನೆ. ಈ ಕವನವನ್ನು ಅಸಹ್ಯವೆಂದವರಿದ್ದಾರೆ. ನಮಗೆ ಇದು ನಗು ತರಿಸುತ್ತದೆ. ಆದರೆ ಹೆಂಗಸರೆಲ್ಲ ಚಂಚಲೆಯರೆಂದು ಅವನು ಬರೆದ ಕೆಲವು ಕವನಗಳು ಬರಿಯ ತರುಣರ ಗೋಷ್ಠಿಯ ಮಾತುಗಳು. ಅವನ್ನು ಸಮರ್ಥಿಸುವ ಹೊರೆಯನ್ನು ನಾವು ಹೊರಲಾರೆವು.

ಇಂತಹ ಕವಿಗಳಿಗೆ ಇಂಗ್ಲಿಷಿನಲ್ಲಿ ‘ಮೆಟಫಿಸಿಕಲ್’ ಕವಿಗಳೆಂದು ಹೆಸರು. ಅದನ್ನು ‘ಅಧ್ಯಾತ್ಮ’ ಎಂದು ಭಾಷಾಂತರಿಸಿದರೆ ಚಿಗಟದ ಕವನದ ಮುಂದೆ ನಾವು ನಗೆಗೀಡಾದೇವು. ಪ್ರೇಮಕವನದಲ್ಲಿ ತತ್ತ್ವಶಾಸ್ತ್ರವನ್ನು ತುರುಕಿ ಹೆಂಗಸರನ್ನು ಗಲಿಬಿಲಿಗೊಳಿಸುತ್ತಾನೆಂದು ಡ್ರೈಡನ್ ಕವಿ 1693ರಲ್ಲಿ ಆಕ್ಷೇಪಿಸಿದ್ದನು. 1779ರಲ್ಲಿ ಡಾಕ್ಟರ್ ಜಾನ್ಸನ್, ಕೌಲಿ ಎಂಬ ಕವಿಯ ಜೀವನವನ್ನು ಬರೆಯುವಾಗ, ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳನ್ನು ಬಲಾತ್ಕಾರವಾಗಿ ಒಂದೇ ನೊಗಕ್ಕೆ ಕಟ್ಟುವವರೆಂದು ಈ ಗುಂಪನ್ನೆಲ್ಲ ಜರೆದನು. ಬೈಗುಳಾಗಿ ಬಂದ ಹೆಸರೇ ಮುಂದೆ ಬಿರುದಾಯಿತು. ನೊಗದ ಮಾತು ಸುಳ್ಳಲ್ಲ. ಆದರೆ ಕಟ್ಟಿದ ಮೇಲೆ ಗದ್ದೆ ಉತ್ತಿತೋ ಇಲ್ಲವೋ ಎಂಬುದನ್ನು ನೋಡಬೇಕಾದುದು ನ್ಯಾಯ.

ಇನ್ನು ಅವನ ಸಂಸಾರದ ಕಥೆ. 1596ರಲ್ಲಿ ಸ್ಪೇನಿನ ಕಾಡಿಜ್ ಬಂದರಿನ ಮೇಲೂ ಮರುವರ್ಷ ಅಝೋರ್ಸ್ ದ್ವೀಪಗಳ ಕಡೆಗೂ ನಡೆದ ನೌಕಾಯಾನಗಳಲ್ಲಿ ಭಾಗವಹಿಸಿ ಬಂದ ಡನ್ನನಿಗೆ, ರಾಜ್ಯದ ದೊಡ್ಡ ನ್ಯಾಯಾಧಿಕಾರಿ ಸರ್ ಥಾಮಸ್ ಎಗರ್ಟನ್‌ನ ಕಾರ್ಯದರ್ಶಿಯ ಕೆಲಸ ಸಿಕ್ಕಿತು. 1601ರಲ್ಲಿ ಪಾರ್ಲಿಮೆಂಟಿನ ಸದಸ್ಯನೂ ಆದನು. ಇನ್ನು ಹತ್ತು ವರ್ಷಗಳಲ್ಲಿ ಮಂತ್ರಿಯೇ ಆಗಬಹುದಾಗಿದ್ದವನು, ಅದೇ ವರ್ಷದ ಡಿಸೆಂಬರಿನಲ್ಲಿ ಎಗರ್ಟನ್‌ನ ಹೆಂಡತಿಯ ಸೋದರನ ಮಗಳು ಆ್ಯನ್ ಮೋರ್‌ಳನ್ನು ಗುಟ್ಟಾಗಿ ಮದುವೆಯಾದನು. ಅವನಿಗೆ ಸುಮಾರು 29, ಅವಳಿಗೆ 17. ಮದುವೆ ಮಾಡಿಸಿದ ಪಾದ್ರಿ ಸ್ಯಾಮ್ಯುಯೆಲ್ ಬ್ರೂಕ್. ಕನ್ಯಾದಾನ ಮಾಡಿದವನು ಅವನ ಅಣ್ಣ ಕ್ರಿಸ್ಟೊಫರ್. ಎರಡು ತಿಂಗಳು ಸುದ್ದಿಯನ್ನು ಅದುಮಿಟ್ಟು, 1602ರ ಫೆಬ್ರವರಿಯಲ್ಲಿ ಮಾವನಿಗೆ ಪತ್ರ ಬರೆದು ತಿಳಿಸಿದರು. ಮಾವ ಸರ್ ಜಾರ್ಜ್ ಮೋರ್ ಮುಂಗೋಪಿ. ಅಳಿಯನನ್ನೂ ಬ್ರೂಕ್ ಸಹೋದರರನ್ನೂ ಸೆರೆಗೆ ಹಾಕಿಸಿದ್ದಲ್ಲದೆ ಅಳಿಯನ ಕೆಲಸವನ್ನೂ ಕಳೆಯಿಸಿದನು. ಮದುವೆ ಊರ್ಜಿತವೆಂದು ಇಗರ್ಜಿಯ ನ್ಯಾಯಾಲಯ ತೀರ್ಪಿತ್ತ ಮೇಲೆ ಮಗಳು ಗಂಡನ ಕೈಸೇರಿದಳು. ಮಾವನ ಕೋಪ ಇಳಿದು, ಅಳಿಯನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ತಾನೇ ಕೇಳಿಕೊಂಡಾಗ ಎಗರ್ಟನ್ ಒಪ್ಪಲಿಲ್ಲ.

ಮುಂದಿನ ಹದಿಮೂರು ವರ್ಷಗಳು ಕೈಚಾಚಿ ಬದುಕಿದ ವರ್ಷಗಳು. ಮೊದಲು ಆ್ಯನಳ ಬಂಧುವೊಬ್ಬನ ಮನೆಯಲ್ಲಿ ಆಶ್ರಯ. 1606ರಿಂದ ಲಂಡನ್ನಿನ ಹೊರವಲಯದ ಮಿಚಮ್ ಎಂಬಲ್ಲಿ ಒಂದು ತೇವ ಹಿಡಿದ ಮನೆ. ವರುಷಕ್ಕೊಂದರಂತೆ ಮಕ್ಕಳು. ಓದುವ ಕೋಣೆಯ ಕೆಳಗಿನ ನೆಲಮಾಳಿಗೆಯಿಂದ ಮೇಲೇರುವ ಶೀತ, ಒಬ್ಬರಾದ ಮೇಲೆ ಒಬ್ಬರಿಗೆ ಕಾಯಿಲೆ. ಆ ಮನೆಯನ್ನು ಅವನು ಗೆಳೆಯರಿಗೆ ಬರೆದ ಪತ್ರಗಳಲ್ಲಿ ಆಸ್ಪತ್ರೆಯೆಂದೇ ಕರೆದನು. ಆತ್ಮಹತ್ಯೆ ಪಾಪವೇ ಅಲ್ಲವೇ ಎಂದು ಚರ್ಚಿಸುವ ದೊಡ್ಡ ಗ್ರಂಥವೊಂದನ್ನು ಬರೆದದ್ದು ಇಲ್ಲಿಯೇ. ಅದನ್ನು ಅಚ್ಚು ಹಾಕಿಸಲೂ ಇಲ್ಲ, ಸುಡಲೂ ಇಲ್ಲ. ಅದು ಅವನು ಸತ್ತ ಬಳಿಕ 1647ರಲ್ಲಿ ಹೊರಬಂತು. ಹೊಟ್ಟೆಪಾಡಿಗಾಗಿ ಶ್ರೀಮಂತರನ್ನು ಹೊಗಳಿ ಬರೆದದ್ದೂ ಇದೆ. ಸರ್ ರಾಬರ್ಟ್ ಡ್ರೂರಿ ಎಂಬವನ ಮಗಳು 14ರ ಪ್ರಾಯದಲ್ಲಿ ತೀರಿಕೊಂಡಾಗ, ಆಕೆಯನ್ನು ಒಮ್ಮೆಯೂ ಕಾಣದಿದ್ದ ಡನ್ನನು ಲೋಕವೇ ಅವಳೊಡನೆ ಸತ್ತಿತೆಂದು ಎರಡು ನೀಳ್ಗವನಗಳನ್ನು ಬರೆದು 1611 ಮತ್ತು 1612ರಲ್ಲಿ ಅಚ್ಚು ಹಾಕಿಸಿದನು. ಕನ್ಯೆ ಮರಿಯಮ್ಮನಿಗೆ ಸಲ್ಲಬೇಕಾದ ಹೊಗಳಿಕೆ ಇದೆಂದು ಬೆನ್ ಜಾನ್ಸನ್ ಹಂಗಿಸಿದ್ದುಂಟು. ಆ ಕವನಗಳಲ್ಲಿಯೂ ಬೆಲೆಯುಳ್ಳ ಒಂದು ಅಂಶವಿದೆ. ಕೋಪರ್ನಿಕಸ್, ಗೆಲಿಲಿಯೋ ಮೊದಲಾದವರ ಹೊಸ ಖಗೋಳಶಾಸ್ತ್ರವು ಭೂಮಿಯನ್ನು ನೆಲೆಯಿಂದ ಕಿತ್ತಾಗ ಒಬ್ಬ ಓದಿದ ಮನುಷ್ಯನಿಗೆ ಆದ ತಳಮಳವನ್ನು ಅಲ್ಲಿ ಕಾಣಬಹುದು. ಗೆಲಿಲಿಯೋ ದೂರದರ್ಶಕದಿಂದ ಕಂಡುದನ್ನು ಪ್ರಕಟಿಸಿದ್ದು 1610ರಲ್ಲಿ. ಮರುವರ್ಷವೇ ಅದು ಡನ್ನನ ಬರವಣಿಗೆಯನ್ನು ಹೊಕ್ಕಿತ್ತು.

1611ರ ಕೊನೆಯಲ್ಲಿ ಡ್ರೂರಿ ದಂಪತಿಗಳೊಡನೆ ಅವನು ಫ್ರಾನ್ಸಿಗೆ ಹೋಗಬೇಕಾಯಿತು. ಗರ್ಭಿಣಿಯಾಗಿದ್ದ ಆ್ಯನಳಿಗೆ ಅವನನ್ನು ಕಳುಹಿಸಲು ಮನಸ್ಸಿರಲಿಲ್ಲ. ಅಗಲುವಾಗ ಅಳಬೇಡವೆಂದು ಹೇಳುವ ಪ್ರಸಿದ್ಧ ಕವನ ಆಗ ಹುಟ್ಟಿತೆಂದು ಅವನ ಮೊದಲ ಚರಿತ್ರಕಾರ ಐಝಾಕ್ ವಾಲ್ಟನ್ ಬರೆದಿದ್ದಾನೆ. ಹೈಸ್ಕೂಲು ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಕೈವಾರವೇ ಅದರ ಉಪಮಾನ. ಕೈವಾರದ ಒಂದು ಕಾಲು ನಡುವೆ ಊರಿ ನಿಲ್ಲುತ್ತದೆ, ಇನ್ನೊಂದು ಸುತ್ತುತ್ತದೆ. ಸುತ್ತುವ ಕಾಲು ದೂರ ಹೋದಷ್ಟೂ ನಿಂತ ಕಾಲು ಅದರ ಕಡೆಗೆ ಬಾಗುತ್ತದೆ. ಅದು ಮರಳಿ ಬಂದಾಗ ಇದೂ ನೆಟ್ಟಗಾಗುತ್ತದೆ. ನಿಂತ ಕಾಲು ಗಟ್ಟಿಯಾಗಿರುವುದರಿಂದಲೇ ಸುತ್ತುವ ಕಾಲಿನ ವೃತ್ತ ಕೂಡುವುದು. ಉಕ್ಕಿನ ಸಲಕರಣೆಗೂ ಗಂಡಹೆಂಡಿರ ಅಗಲಿಕೆಗೂ ಎತ್ತಣಿಂದೆತ್ತ ಸಂಬಂಧ? ಆದರೆ ಒಮ್ಮೆ ಓದಿದ ಮೇಲೆ ಕೈವಾರವನ್ನು ಕಂಡಾಗಲೆಲ್ಲ ಆ ಇಬ್ಬರ ನೆನಪಾಗುತ್ತದೆ. ಜಾನ್ಸನ್ ಬಲಾತ್ಕಾರವೆಂದದ್ದು ಇಲ್ಲಿ ಸಲ್ಲದು. ಬುದ್ಧಿಯೂ ಭಾವವೂ ಒಂದೇ ತಿರುಗಣೆಗೆ ಸಿಕ್ಕಿವೆ. ಹೆಂಡತಿ ಸತ್ತ ಮಗುವನ್ನು ಎತ್ತಿಕೊಂಡು ತನ್ನ ಮುಂದೆ ಹಾದುಹೋದಂತೆ ಡನ್ನನಿಗೆ ಪ್ಯಾರಿಸಿನಲ್ಲಿ ಕಾಣಿಸಿತೆಂದೂ ವಾಲ್ಟನ್ ಹೇಳುತ್ತಾನೆ. ಈ ಕಥೆಯನ್ನು ವಿದ್ವಾಂಸರು ಅಷ್ಟಾಗಿ ನಂಬುವುದಿಲ್ಲ. ಮಗು ಸತ್ತೇ ಹುಟ್ಟಿದ್ದು ಮಾತ್ರ ನಿಜ.

ಡನ್ನನು ಹುಟ್ಟಿದ ಮತವನ್ನು ಬಿಟ್ಟು ಇಂಗ್ಲೆಂಡಿನ ಇಗರ್ಜಿಯನ್ನು ಸೇರಿದ ದಿನ ಇಂಥದೇ ಎಂದು ಬೊಟ್ಟು ಮಾಡಿ ತೋರಿಸುವಂತಿಲ್ಲ. ಎಗರ್ಟನ್‌ನ ಕೆಲಸದಲ್ಲಿದ್ದಾಗಲೇ ಅವನು ಹೊರಗಿನಿಂದ ಪ್ರೊಟೆಸ್ಟೆಂಟನಾಗಿದ್ದಿರಬೇಕು. ಕೆಥೊಲಿಕರು ಅರಸನಿಗೆ ನಿಷ್ಠೆಯ ಪ್ರಮಾಣ ಮಾಡುವುದರಲ್ಲಿ ದೋಷವಿಲ್ಲ, ಅದಕ್ಕಾಗಿ ಸಾಯುವುದು ಹುತಾತ್ಮತೆಯಲ್ಲ ಎಂದು ಸಾಧಿಸುವ ಗ್ರಂಥವನ್ನು 1610ರಲ್ಲಿ ಪ್ರಕಟಿಸಿದನು. ಜೇಮ್ಸ್ ಅರಸನು ಮೆಚ್ಚಿದನು; ಆದರೆ ಡನ್ನನಿಗೆ ಬೇಕಾಗಿದ್ದ ಸರಕಾರಿ ಹುದ್ದೆಯನ್ನು ಕೊಡಲೊಪ್ಪದೆ, ಪಾದ್ರಿಯಾಗುವುದಾದರೆ ಮಾತ್ರ ತನ್ನ ಆಶ್ರಯವೆಂದನು. ಡನ್ನನು ಬಹಳ ಕಾಲ ಹಿಂದೆಮುಂದೆ ನೋಡಿ, ಕೊನೆಗೆ 1615ರ ಜನವರಿ 23ರಂದು ದೀಕ್ಷೆ ಪಡೆದನು. ಅರಸನ ಒತ್ತಾಯದಿಂದ ಕೇಂಬ್ರಿಜ್ ವಿಶ್ವವಿದ್ಯಾಲಯವು ಒಲ್ಲದ ಮನಸ್ಸಿನಿಂದ ಡಾಕ್ಟರ್ ಪದವಿಯನ್ನೂ ಕೊಟ್ಟಿತು. ಹುಡುಗನಾಗಿದ್ದಾಗ ಮತದ ಕಾರಣದಿಂದ ತಪ್ಪಿದ ಪದವಿ ನಡುವಯಸ್ಸಿನಲ್ಲಿ ಮತದ ಕಾರಣದಿಂದಲೇ ಬಂತು.

ಅವನು ಅನ್ನಕ್ಕಾಗಿ ಮತ ಬಿಟ್ಟನೇ? ತಮ್ಮನನ್ನು ಬಲಿತೆಗೆದುಕೊಂಡವರ ಪಂಗಡಕ್ಕೆ ಸೇರಿ ಬೋಧಿಸಲು ಅವನಿಗೆ ಮನಸ್ಸಾದರೂ ಹೇಗೆ ಬಂತು? ಈ ಪ್ರಶ್ನೆಯನ್ನು ಕೇಳದೆ ಡನ್ನನನ್ನು ಹೊಗಳುವುದು ಪ್ರಾಮಾಣಿಕವಾಗದು. ಹಸಿವಿನ ಪಾಲು ಇತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಮನೆ ತುಂಬ ಮಕ್ಕಳಿದ್ದರು, ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದುವು. ಆದರೆ 1607ರಲ್ಲಿಯೇ ಥಾಮಸ್ ಮಾರ್ಟನ್ ಎಂಬ ಧರ್ಮಗುರು ತನ್ನ ವೃತ್ತಿಯೊಂದನ್ನು ಬಿಟ್ಟುಕೊಡಲು ಮುಂದಾದಾಗ, ಕಷ್ಟದ ತುದಿಯಲ್ಲಿದ್ದ ಇದೇ ಮನುಷ್ಯನು ಬೇಡವೆಂದಿದ್ದನು. ಬರಿಯ ಹಸಿವೆಯಾಗಿದ್ದರೆ ಎಂಟು ವರ್ಷ ಕಾಯುತ್ತಿರಲಿಲ್ಲ. ಇನ್ನೊಂದು ಸಾಕ್ಷ್ಯವೆಂದರೆ ಅವನ ಧಾರ್ಮಿಕ ಸಾನೆಟ್‌ಗಳು. ತರುಣ ಡನ್ನನು ಪ್ರೇಮಕವಿ, ಪಾದ್ರಿ ಡನ್ನನು ಭಕ್ತಕವಿ ಎಂದು ಅವನನ್ನು ಎರಡಾಗಿ ಸೀಳುವುದು ಪಾಠಪುಸ್ತಕಗಳಲ್ಲಿ ರೂಢಿ. ಈ ಸಾನೆಟ್‌ಗಳಲ್ಲಿ ಬಹುಪಾಲು ದೀಕ್ಷೆಗೆ ಮೊದಲೇ, 1609ರ ಸುಮಾರಿಗೆ ಬರೆದವುಗಳೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅವುಗಳಲ್ಲಿರುವುದು ಶಾಂತನಾದ ಭಕ್ತನಲ್ಲ. ಒಂದರಲ್ಲಿ ತಾನು ಶತ್ರುವಿನ ವಶವಾದ ಕೋಟೆಯೆಂದೂ ದೇವರು ಬಡಿದು ಒಡೆದು ಒಳನುಗ್ಗಬೇಕೆಂದೂ ಕೂಗುತ್ತಾನೆ. ಅಲ್ಲಿಯೇ ರೂಪಕ ಹೊರಳಿ, ತಾನು ವೈರಿಗೆ ನಿಶ್ಚಯವಾದ ಹೆಣ್ಣೆಂದೂ ದೇವರೇ ತನ್ನನ್ನು ಸೆಳೆದೊಯ್ಯಬೇಕೆಂದೂ ಬೇಡುತ್ತಾನೆ. ಶರಣಸತಿ ಲಿಂಗಪತಿ ಎಂಬ ಭಾವವನ್ನು ಬಲ್ಲ ನಮಗೆ ಇದು ತೀರ ಹೊಸದಲ್ಲ. ಈ ಒರಟುತನ ಮಾತ್ರ ಹೊಸದು. ಇನ್ನೊಂದರಲ್ಲಿ ಸಾವನ್ನು ಎದುರಿಗೆ ನಿಲ್ಲಿಸಿ, ನೀನೇನು ಮಹಾಶೂರನೆಂದು ಪಾಟೀಸವಾಲು ಮಾಡುತ್ತಾನೆ. ಸೂರ್ಯನನ್ನು ಗದರಿಸಿದ ಅದೇ ಗಂಟಲು ಇದು. ಯಾವ ಪಂಗಡ ಸರಿಯೆಂಬ ಪ್ರಶ್ನೆ ಅವನೊಳಗೆ ಮುಗಿದೇ ಇರಲಿಲ್ಲ; ಮುಗಿಯದ್ದರಿಂದಲೇ ವಾದ ನಿಲ್ಲಲಿಲ್ಲ.

ದೀಕ್ಷೆಯಾಗಿ ಎರಡೂವರೆ ವರ್ಷಕ್ಕೆ, 1617ರ ಆಗಸ್ಟ್ 15ರಂದು, ಆ್ಯನ್ ತೀರಿಕೊಂಡಳು. ಹದಿನಾರು ವರ್ಷ ತುಂಬದ ದಾಂಪತ್ಯದಲ್ಲಿ 12ನೆಯ ಹೆರಿಗೆ. ಆ ಮಗುವೂ ಸತ್ತೇ ಹುಟ್ಟಿತ್ತು. ಅವಳಿಗೆ 33 ವರ್ಷ. ಕವಿಯ ಕೀರ್ತಿಯ ಲೆಕ್ಕದಲ್ಲಿ ಈ ಹೆಣ್ಣಿನ ಪಾಲನ್ನು ಬರೆದಿಟ್ಟವರು ಕಡಿಮೆ. ಬದುಕುಳಿದಿದ್ದ ಏಳು ಮಕ್ಕಳನ್ನು ಸಾಕಿ ಡನ್ನನು ಮರುಮದುವೆಯಾಗದೆ ಉಳಿದನು.

1621ರಲ್ಲಿ ಅವನು ಲಂಡನ್ನಿನ ಸಂತ ಪೌಲರ ಮಹಾ ಇಗರ್ಜಿಯ ‘ಡೀನ್’, ಎಂದರೆ ಮುಖ್ಯ ಧರ್ಮಗುರುವಾದನು. ಅವನ ಪ್ರವಚನ ಕೇಳಲು ಜನ ಕಿಕ್ಕಿರಿಯುತ್ತಿದ್ದರು. ಅವುಗಳಲ್ಲಿ 160 ಉಳಿದುಬಂದಿವೆ. 1623ರ ಚಳಿಗಾಲದಲ್ಲಿ ಭಯಂಕರ ಜ್ವರ ಬಂದು ಮಲಗಿದಾಗ, ಕಾಯಿಲೆಯ ಒಂದೊಂದು ಘಟ್ಟವನ್ನೂ ಕುರಿತು 23 ಚಿಂತನಗಳನ್ನು ಬರೆದು ಮರುವರ್ಷ ಪ್ರಕಟಿಸಿದನು. ನೆರೆಯ ಇಗರ್ಜಿಯ ಸಾವಿನ ಗಂಟೆಯನ್ನು ಹಾಸಿಗೆಯಿಂದ ಕೇಳಿ, ಸತ್ತವನು ಯಾರಾದರೂ ತನ್ನದೇ ಒಂದು ತುಂಡು ಕಳಚಿದಂತೆಂದು ಯೋಚಿಸುವ ಭಾಗ ಲೋಕಪ್ರಸಿದ್ಧ. ಅಮೆರಿಕದ ಹೆಮಿಂಗ್ವೇ 1940ರಲ್ಲಿ ತನ್ನ ಕಾದಂಬರಿಗೆ ಹೆಸರನ್ನು ಎತ್ತಿಕೊಂಡದ್ದು ಅಲ್ಲಿಂದಲೇ.

ಈ ಡೀನರ ನಿವಾಸದ ಒಳಗಿನ ಒಂದು ಸಂಗತಿಯನ್ನು ಚರಿತ್ರಕಾರರು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ನಮಗೆ ದಾಟಲು ಮನಸ್ಸಾಗುವುದಿಲ್ಲ. ಡನ್ನನ ತಾಯಿ ಆ ಕಾಲಕ್ಕೆ ಹಣ್ಣು ಹಣ್ಣು ಮುದುಕಿ. ಮೂರು ಮದುವೆಗಳನ್ನೂ ಅನೇಕ ಮಕ್ಕಳ ಸಾವನ್ನೂ ಕಂಡವಳು, ಮತಕ್ಕಾಗಿ ದೇಶಬಿಟ್ಟು ಪರದೇಶದಲ್ಲಿ ಬಾಳಿ ಬಂದವಳು. ಕೊನೆಗಾಲದಲ್ಲಿ ಮಗನ ಮನೆಯಲ್ಲಿಯೇ ಇದ್ದಳು. ಕೊನೆಯವರೆಗೂ ಕೆಥೊಲಿಕಳಾಗಿಯೇ ಇದ್ದಳು. ಪ್ರೊಟೆಸ್ಟೆಂಟ್ ಇಂಗ್ಲೆಂಡಿನ ಅತ್ಯಂತ ದೊಡ್ಡ ಇಗರ್ಜಿಯ ಮುಖ್ಯಸ್ಥನು ಪ್ರವಚನ ಮುಗಿಸಿ ಮನೆಗೆ ಬಂದರೆ, ಕಾನೂನು ನಿಷೇಧಿಸಿದ ಹಳೆಯ ಮತದವಳಾದ ತಾಯಿ ಅಲ್ಲಿ ಕುಳಿತಿದ್ದಾಳೆ! ಮಗನು ತಾಯಿಯನ್ನು ಬಿಡಲಿಲ್ಲ, ತಾಯಿ ಮತವನ್ನು ಬಿಡಲಿಲ್ಲ. 1631ರ ಜನವರಿಯಲ್ಲಿ ಆಕೆ ಸತ್ತಳು; ಮಗನು ಹೋದದ್ದು ಅದಾಗಿ ಎರಡೇ ತಿಂಗಳಿಗೆ.

ಹೊಟ್ಟೆಯ ರೋಗದಿಂದ ಬಳಲಿ ಎಲುಬುಗೂಡಾಗಿದ್ದ ಡನ್ನನು 1631ರ ಫೆಬ್ರವರಿ 25ರಂದು ಚಾರ್ಲ್ಸ್ ಅರಸನ ಮುಂದೆ ಕೊನೆಯ ಪ್ರವಚನ ಮಾಡಿದನು. ವಿಷಯ ಸಾವು. ತನ್ನ ಶವಸಂಸ್ಕಾರದ ಪ್ರವಚನವನ್ನು ತಾನೇ ಮಾಡಿಕೊಂಡನೆಂದು ಕೇಳಿದವರು ಆಡಿಕೊಂಡರಂತೆ. ಆ ಬಳಿಕ ಅವನು ಮಾಡಿದ್ದು ಇನ್ನೂ ವಿಚಿತ್ರ. ಮರದಲ್ಲಿ ಒಂದು ಅಸ್ಥಿಕಲಶವನ್ನು ಕೆತ್ತಿಸಿ, ಕೋಣೆಯಲ್ಲಿ ಕೆಂಡ ಹಾಕಿಸಿ, ಮೈಮೇಲಿನ ಬಟ್ಟೆ ತೆಗೆದು ಶವವಸ್ತ್ರ ಸುತ್ತಿಕೊಂಡು, ಕಣ್ಣು ಮುಚ್ಚಿ ಆ ಕಲಶದ ಮೇಲೆ ನಿಂತು ಆಳೆತ್ತರದ ಚಿತ್ರ ಬರೆಯಿಸಿದನು. ಚಿತ್ರವನ್ನು ಹಾಸಿಗೆಯ ಬಳಿ ಇಟ್ಟುಕೊಂಡು ದಿನವೂ ನೋಡುತ್ತಿದ್ದನೆಂದು ವಾಲ್ಟನ್ ಹೇಳುತ್ತಾನೆ. ಮಾರ್ಚ್ 31ರಂದು ಪ್ರಾಣ ಹೋಯಿತು. ಸಾವಿನೊಡನೆ ಜೀವಮಾನವಿಡೀ ವಾದ ಮಾಡಿದವನು ಕೊನೆಯ ಮಾತನ್ನು ಅದಕ್ಕೆ ಬಿಟ್ಟುಕೊಡಲು ಒಪ್ಪಲಿಲ್ಲವೆಂದು ತೋರುತ್ತದೆ.

ಅವನ ಕವನಗಳಲ್ಲಿ ಬಹುತೇಕ ಎಲ್ಲವೂ ಆವರೆಗೆ ಗೆಳೆಯರ ಕೈಬರಹದ ಪ್ರತಿಗಳಲ್ಲಿಯೇ ಓಡಾಡುತ್ತಿದ್ದುವು. ಸಂಗ್ರಹವು ಅಚ್ಚಾದುದು 1633ರಲ್ಲಿ. ಛಂದಸ್ಸು ಕೆಡಿಸಿದ್ದಕ್ಕೆ ಡನ್ನನನ್ನು ಗಲ್ಲಿಗೇರಿಸಬೇಕೆಂದೂ, ಅರ್ಥವಾಗದೆ ಅವನ ಕಾವ್ಯ ಅಳಿಯುವುದೆಂದೂ ಬೆನ್ ಜಾನ್ಸನ್ ಹೇಳಿದ್ದ ಭವಿಷ್ಯ ಹದಿನೆಂಟನೆಯ ಶತಮಾನದಲ್ಲಿ ನಿಜವಾಗುವಂತೆಯೇ ಇತ್ತು. 1912ರಲ್ಲಿ ಗ್ರಿಯರ್ಸನ್ ಎಂಬ ವಿದ್ವಾಂಸನು ಕವನಗಳ ಶುದ್ಧಪ್ರತಿಯನ್ನು ಸಿದ್ಧಪಡಿಸಿದನು, 1921ರಲ್ಲಿ ಟಿ. ಎಸ್. ಎಲಿಯಟ್ ಬರೆದ ಲೇಖನದ ಬಳಿಕ ಡನ್ನನು ಹೊಸ ಕವಿಗಳಿಗೆ ಗುರುವಾದನು. ಆಲೋಚನೆಯನ್ನೂ ಒಂದು ಅನುಭವವಾಗಿ ಸವಿಯಬಲ್ಲ ಮನಸ್ಸು ಡನ್ನನದೆಂದು ಎಲಿಯಟ್ ತೋರಿಸಿದನು. ಕನ್ನಡದಲ್ಲಿ ಅಡಿಗರ ಕಾಲದ ನವ್ಯರು ಎಲಿಯಟ್‌ನನ್ನು ಮನಸ್ಸಿಟ್ಟು ಓದಿದವರಾದುದರಿಂದ, ಡನ್ನನನ್ನು ಓದದ ನಾವೂ ಅವನ ಗಾಳಿಯನ್ನು ಅಷ್ಟಿಷ್ಟು ಉಸಿರಾಡಿದ್ದೇವೆ.

ಶವವಸ್ತ್ರ ಹೊದ್ದ ಆ ಚಿತ್ರವನ್ನು ಆಧರಿಸಿ ನಿಕೊಲಾಸ್ ಸ್ಟೋನ್ ಎಂಬ ಶಿಲ್ಪಿ ಅಮೃತಶಿಲೆಯ ಮೂರ್ತಿಯನ್ನು ಕಡೆದನು. 1666ರ ಮಹಾ ಬೆಂಕಿಯಲ್ಲಿ ಹಳೆಯ ಇಗರ್ಜಿ ಉರಿದುಹೋಯಿತು. ಅದರೊಳಗಿನ ಸ್ಮಾರಕಗಳಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದದ್ದು ಇದೊಂದೇ. ಈಗಿನ ಸಂತ ಪೌಲರ ಇಗರ್ಜಿಯಲ್ಲಿ ಅದನ್ನು ನಿಲ್ಲಿಸಿದ್ದಾರೆ. ಕಾಲಡಿಯ ಕಲಶದ ಮೇಲೆ ಬೆಂಕಿಯ ಕಲೆ ಇನ್ನೂ ಕಾಣುತ್ತದೆ.